ಇಸ್ಮೇಗೆ ಹುಡುಕಿದ ಅಪ್ಪ

ಆಲ್ಬರ್ತಾ ಬ್ಲಾಕೆಟ್ ಇಸ್ತ್ರಿ ಮಾಡಿದ ಪ್ಯಾಂಟು ಒಳಗೆ ಮನುಷ್ಯನಿಲ್ಲದೆಯೂ ನಿಲ್ಲುತ್ತದೆ ಎಂದು ಕಲಿದೋನಿಯಾ ಕೇರಿಯ ಜನ ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ಪೂರ್ತಿ ಸುಳ್ಳಲ್ಲ. ಮರಗೆಣಸಿನ ಗಂಜಿ ಹಾಕಿ, ಕೆಂಡದ ಮೇಲೆ ಕಾಯಿಸಿದ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒತ್ತಿ, ಕಾಲುವೆ ವಲಯದ ಅಮೆರಿಕನ್ ಸಾಹೇಬರ ಬಿಳಿ ಬಟ್ಟೆಗಳನ್ನು ಅವಳು ಹಲಗೆಯ ಹಾಗೆ ಮಾಡಿಡುತ್ತಿದ್ದಳು. ಮಾಡಿ ಮಾಡಿ ಅವಳ ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪವಾಗಿತ್ತು.

ಬಾರ್ಬಡೋಸ್ ದ್ವೀಪದಿಂದ ಅಣ್ಣನ ಜೊತೆ ಹಡಗು ಹತ್ತಿ ಪನಾಮಾಕ್ಕೆ ಬಂದಾಗ ಅವಳಿಗೆ ಹದಿನಾಲ್ಕು. ಕಾಲುವೆ ತೋಡುವ ಕಾಲ ಅದು. ಅಣ್ಣ ಮೊದಲ ಮಳೆಗಾಲದಲ್ಲೇ ಜ್ವರಕ್ಕೆ ಹೋದ. ಅವಳು ಉಳಿದಳು, ದೊಡ್ಡವಳಾದಳು, ಅದೇ ದ್ವೀಪದ ಫಿಟ್ಜೆರಾಲ್ಡ್ ಗಿಟ್ಟೆನ್ಸ್ ಎಂಬವನ ಕೈಹಿಡಿದಳು. ಫಿಟ್ಜ್ ಗುಡ್ಡ ಸಿಡಿಸುವ ತಂಡದವನು. ಬಂಡೆ ಕೊರೆದು ಮದ್ದು ತುಂಬುವ ಆ ಕೆಲಸದಲ್ಲಿ ಒಂದು ಕಿವಿ ಹೋಯಿತು, ಎರಡು ಬೆರಳು ಹೋದವು, ಎಷ್ಟೋ ವರ್ಷದ ಮೇಲೆ ಧೂಳು ಕುಡಿದ ಎದೆಯೂ ಹೋಯಿತು. ಅವರು ಗುಡ್ಡ ಕಡಿಯುವಾಗ ನಿಮ್ಮ ಮನೆಮಾತು ಯಾವುದು ಎಂದು ಯಾರೂ ಕೇಳಲಿಲ್ಲ ನೋಡಿ. ಹಡಗು ಆ ದಡದಿಂದ ಈ ದಡಕ್ಕೆ ದಾಟಿ, ಎಲ್ಲರ ಹೊಟ್ಟೆ ತುಂಬಿದ ಮೇಲೆ ಕೇಳಿದರು.

ಅವರ ಮದುವೆ ನಡೆದದ್ದು ದ್ವೀಪದವರೇ ಹಲಗೆ ಹೊಡೆದು ಕಟ್ಟಿಕೊಂಡ ಪುಟ್ಟ ಚರ್ಚಿನಲ್ಲಿ, ಇಂಗ್ಲಿಷಿನಲ್ಲಿ. ಪಾದ್ರಿ ತನ್ನ ಪುಸ್ತಕದಲ್ಲಿ ಬರೆದುಕೊಂಡ. ದ್ವೀಪದಿಂದ ಬಂದವರಿಗೆಲ್ಲ ಅಷ್ಟು ಸಾಕಿತ್ತು. ದೇವರ ಪುಸ್ತಕದಲ್ಲಿರುವುದನ್ನು ಗುಮಾಸ್ತನ ಪುಸ್ತಕಕ್ಕೂ ತೋರಿಸಬೇಕೇ ಎಂದು ಫಿಟ್ಜ್ ಕೇಳುತ್ತಿದ್ದ. ಹಾಗಾಗಿ ಮಗಳು ಇಸ್ಮೇ ಹುಟ್ಟಿದಾಗ ಸರ್ಕಾರದ ನೋಂದಣಿ ಕಚೇರಿಯಲ್ಲಿ ಸೂಲಗಿತ್ತಿ ಬರೆಸಿದ್ದು ತಾಯಿಯ ಹೆಸರು ಮಾತ್ರ. ತಂದೆ ಎಂಬ ಕಡೆ ಗುಮಾಸ್ತ ಒಂದು ಗೀಟೆಳೆದ. ಶಾಲೆಯಲ್ಲಿ ಅವಳು ಇಸ್ಮೇ ಬ್ಲಾಕೆಟ್. ಮನೆಯಲ್ಲಿ, ಚರ್ಚಿನಲ್ಲಿ ಇಸ್ಮೇ ಗಿಟ್ಟೆನ್ಸ್. ಎರಡು ಹೆಸರಿನ ಮಕ್ಕಳು ಆ ಕೇರಿಯಲ್ಲಿ ಬೇಕಾದಷ್ಟಿದ್ದರು.

ಹುಟ್ಟಿದ ದಿನ ಇಸ್ಮೇ ಉಸಿರೆತ್ತದೆ ನೀಲಿಗಟ್ಟಿದ್ದಳು. ಫಿಟ್ಜ್ ಕೆಲಸಕ್ಕೆ ಹೋಗಿದ್ದ. ಎದುರಿನ ಇದ್ದಿಲು ಮಂಡಿಯ ಕಾಂದೆಲಾರಿಯೊ ಎಸ್ಕೀನಾ ಓಡಿಬಂದ. ಮಗು ದೇವರ ಹೆಸರಿಲ್ಲದೆ ಹೋಗಬಾರದೆಂದು ಲೋಟದಲ್ಲಿ ನೀರು ಮೊಗೆದು ಅದರ ನೆತ್ತಿಗೆ ಹೊಯ್ದ. ಮಗುವನ್ನು ಹಿಡಿದುಕೊಂಡಿದ್ದವಳು ಅವನ ಹೆಂಡತಿ ಸೆವೆರಿನಾ. ತಣ್ಣೀರು ಬಿದ್ದದ್ದೇ ತಡ, ಮಗು ಕಿರುಚಿಕೊಂಡು ಬದುಕಿತು. ನೀರು ಹೊಯ್ದವನು ಅಂದಿನಿಂದ ಮಗುವಿಗೆ ಪದ್ರೀನೊ, ಧರ್ಮದಪ್ಪ. ಮಗುವಿನ ತಾಯಿಗೆ ಅವನು ಕೋಂಪಾದ್ರೆ, ಅವಳು ಅವನಿಗೆ ಕೋಮಾದ್ರೆ; ಸೆವೆರಿನಾಳೂ ಅವಳೂ ಒಬ್ಬರಿಗೊಬ್ಬರು ಕೋಮಾದ್ರೆ. ಆ ನೆಲದಲ್ಲಿ ಈ ನಂಟು ಒಡಹುಟ್ಟಿದವರಿಗಿಂತ ಒಂದು ತೂಕ ಹೆಚ್ಚು. ಎಷ್ಟೇ ಸಲಿಗೆಯಿದ್ದರೂ ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯುವುದಿಲ್ಲ. ಹಾದರ ಮಾಡಿದವರನ್ನು ಕೇರಿ ನಾಲ್ಕು ದಿನ ಆಡಿಕೊಂಡು ಮರೆಯುತ್ತದೆ, ಕೋಮಾದ್ರೆಯ ಮೈಮುಟ್ಟಿದವನನ್ನು ಮಾತ್ರ ಮರೆಯುವುದಿಲ್ಲ. ಕಾಂದೆಲಾರಿಯೊಗೂ ಸೆವೆರಿನಾಗೂ ಮಕ್ಕಳಾಗಲಿಲ್ಲ. ಇಸ್ಮೇ ಆ ಮನೆಯಲ್ಲೂ ಈ ಮನೆಯಲ್ಲೂ ಬೆಳೆದಳು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ದೇಶಕ್ಕೆ ಹೊಸ ಸಂವಿಧಾನ ಬಂತು. ಮೂಲಭಾಷೆ ಸ್ಪ್ಯಾನಿಷ್ ಅಲ್ಲದ ಕಪ್ಪು ಜನ ಈ ನಾಡಿಗೆ ಬೇಡದವರು ಎಂದು ಅದರಲ್ಲಿ ಬರೆದಿತ್ತು. ಚೀನಾದವರೂ ಬೇಡದವರು. ಮೂಲೆಯ ಬಟ್ಟೆ ಅಂಗಡಿಯ ಹಿಂದೂಸ್ತಾನಿಯೂ ಬೇಡದವನು, ಅವನು ಬಾಗಿಲಲ್ಲಿ ತಲೆಮೇಲೆ ಕೈಹೊತ್ತು ಕೂತದ್ದನ್ನು ಆಲ್ಬರ್ತಾ ನೋಡಿದಳು. ಇಂಥವರ ಮಕ್ಕಳು ಇಲ್ಲೇ ಹುಟ್ಟಿದ್ದರೂ ಇಲ್ಲಿಯವರಲ್ಲ. ತಂದೆತಾಯಿಯಲ್ಲಿ ಒಬ್ಬರಾದರೂ ಹುಟ್ಟಾ ಪನಾಮಾದವರಾಗಿದ್ದರೆ ಮಾತ್ರ ಮಗು ಪನಾಮಾದ್ದು.

ಇಸ್ಮೇಗೆ ಆಗ ಇಪ್ಪತ್ತೊಂದು ವರ್ಷ. ಉಪಾಧ್ಯಾಯರ ಶಾಲೆಯಲ್ಲಿ ಓದಿ ಆಗಷ್ಟೇ ಮುಗಿಸಿದ್ದಳು. ಬೆಟ್ಟದ ಆಚೆಯ ಒಂದು ಹಳ್ಳಿಯಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಅಷ್ಟರಲ್ಲಿ ಕಾಗದ ಬಂತು: ತಿಂಗಳ ಕೊನೆಯೊಳಗೆ ಈ ದೇಶದವಳೆಂದು ತೋರಿಸದಿದ್ದರೆ ಕೆಲಸ ಇನ್ನೊಬ್ಬರಿಗೆ. ಕೆಲಸ ಹೋದರೆ ಹೋಗಲಿ, ಆಮೇಲೆ ಅವಳು ಯಾವ ದೇಶದವಳು? ಅವಳು ಕಾಲಿಡದ ಬಾರ್ಬಡೋಸಿಗೆ ಅವಳನ್ನು ಹಡಗಿನಲ್ಲಿ ತುಂಬಿ ಕಳಿಸುತ್ತಾರೆಂದು ಕೇರಿಯಲ್ಲಿ ಗುಲ್ಲೆದ್ದಿತ್ತು. ಆಲ್ಬರ್ತಾಗೆ ಅನ್ನ ಸೇರದಾಯಿತು.

ಕೋರ್ಟಿನ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದ ದೋನ್ ಪ್ಲಾಸಿದೊ ಎಂಬವನ ಬಳಿ ಅವಳು ಮಗಳ ಜನನಪತ್ರ ಹಿಡಿದು ಹೋದಳು.

"ಗಂಡನ ದೇಶ?"

"ಬಾರ್ಬಡೋಸ್."

"ನಿಮ್ಮದು?"

"ಅದೇ, ಸ್ವಾಮಿ."

"ಅಲ್ಲಿಗೆ ಮುಗೀತಲ್ಲಮ್ಮ" ಎಂದು ಅವನು ಪತ್ರ ಮಡಿಸಲು ಹೋದವನು, ಮತ್ತೆ ಬಿಡಿಸಿ ಮೂಗಿನ ಹತ್ತಿರ ಹಿಡಿದುಕೊಂಡ. "ಇರಿ ಇರಿ. ಇಲ್ಲಿ ತಂದೆ ಹೆಸರೇ ಇಲ್ವಲ್ಲ. ಮದ್ವೆ ನೋಂದಣಿ ಆಗಿಲ್ವಾ?"

"ಚರ್ಚಲ್ಲಿ ಆಗಿದೆ."

"ನಿಮ್ಮ ಚರ್ಚು ನಿಮ್ಮ ಹತ್ರಾನೇ ಇರ್ಲಿ. ಸರ್ಕಾರದ ಕಣ್ಣಲ್ಲಿ ನಿಮ್ಮ ಗಂಡ ನಿಮ್ಮ ಗಂಡಾನೇ ಅಲ್ಲ. ಇದಕ್ಕಿಂತ ಅದೃಷ್ಟ ಬೇಕಾ ನಿಮಗೆ? ಜಾಗ ಖಾಲಿ ಇದೆ. ಹುಟ್ಟಾ ಪನಾಮಾದವನೊಬ್ಬ ಬಂದು ಈ ಮಗು ನಂದು ಅಂತ ಒಪ್ಕೊಳ್ಲಿ. ನೀವು ಹೌದು ಅನ್ನಿ. ಮಗಳು ದೊಡ್ಡವಳಾಗಿದ್ದಾಳೆ, ಅವಳೂ ರುಜು ಹಾಕ್ಲಿ. ಆಯ್ತು."

"ನನ್ನ ಗಂಡ ತೀರಿಹೋಗಿ ಏಳು ವರ್ಷ ಆಯ್ತು, ಸ್ವಾಮಿ. ಅವರ ಬಗ್ಗೆ ಹಾಗೆ..."

"ಸತ್ತೋರಿಗೆ ಇದ್ರಿಂದ ನೋವಾಗಲ್ಲ. ಬದುಕಿರೋಳ ಬಗ್ಗೆ ಯೋಚ್ನೆ ಮಾಡಿ."

ಹುಟ್ಟಾ ಪನಾಮಾದ ಗಂಡಸರು ಅವಳಿಗೆ ಎಷ್ಟು ಜನ ಗೊತ್ತು? ಬಾಡಿಗೆ ವಸೂಲಿಗೆ ಬರುವವನೊಬ್ಬ. ನಾಚಿಕೆ ಬಿಟ್ಟು ಅವನನ್ನು ಕೇಳಿಯೂ ಕೇಳಿದಳು. "ಸುಳ್ಳು ಯಾಕೆ ಹೇಳ್ಬೇಕು, ಚೋಂಬಾ, ನಿಜಾನೇ ಮಾಡೋಣ ಬಾ" ಎಂದು ಅವನು ಹಲ್ಲು ಕಿರಿದ. ದ್ವೀಪದವರನ್ನು ಬೈಯಲು ಇಡೀ ದೇಶಕ್ಕೆ ಆ ಒಂದು ಪದ ಸಾಕಾಗುತ್ತಿತ್ತು. ಬಾಗಿಲು ಹಾಕಿಕೊಂಡು ಅವಳು ಇಸ್ತ್ರಿ ಮೇಜಿಗೆ ಹಣೆಯಿಟ್ಟು ಅತ್ತಳು. ಕಾಂದೆಲಾರಿಯೊನ ಹೆಸರು ಮೊದಲ ದಿನವೇ ಮನಸ್ಸಿಗೆ ಬಂದಿತ್ತು. ಬಂದಾಗಲೆಲ್ಲ ಬಿಸಿ ಪೆಟ್ಟಿಗೆ ಮುಟ್ಟಿದವಳ ಹಾಗೆ ಹಿಂದೆ ಸರಿಯುತ್ತಿದ್ದಳು. ತಿಂಗಳು ಮುಗಿಯಲು ಐದು ದಿನ ಉಳಿದಾಗ ಸರಿಯಲು ಜಾಗವಿರಲಿಲ್ಲ.

ಮಂಡಿಯಲ್ಲಿ ಕಾಂದೆಲಾರಿಯೊ ಚೀಲಗಳ ಬಾಯಿ ಹೊಲಿಯುತ್ತಿದ್ದ. ಪೋರ್ತೊಬೆಲೊ ಕಡೆಯ ಕರಾವಳಿಯವನು, ಎತ್ತರದ ಆಳು. ಕಾರ್ನಿವಲ್ ಬಂತೆಂದರೆ ಡೋಲು ಹೆಗಲಿಗೇರಿಸಿ ಊರಿಗೆ ಹೋಗಿ, ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರ ಆಟ ಆಡಿ, ಗಂಟಲು ಕಳೆದುಕೊಂಡು ಬರುತ್ತಿದ್ದ.

"ಏನು ಕೋಮಾದ್ರೆ, ಇದ್ದಿಲು ಒದ್ದೆ ಇತ್ತಾ?"

"ಇದ್ದಿಲಿನ ಮಾತಲ್ಲ, ಕೋಂಪಾದ್ರೆ."

ನಿಂತುಕೊಂಡೇ, ಅವನ ಮುಖ ನೋಡದೆ, ಚೀಲಗಳಿಗೆ ಹೇಳುವವಳ ಹಾಗೆ ಎಲ್ಲವನ್ನೂ ಹೇಳಿದಳು. ಅವನ ಕೈಯ ದಬ್ಬಣ ನಿಂತುಹೋಯಿತು.

"ನೀವೇನ್ ಕೇಳ್ತಿದ್ದೀರಿ ಅಂತ ನಿಮಗೆ ಗೊತ್ತಾ?"

"ಗೊತ್ತು."

"ಆ ಮಗು ನೆತ್ತಿಗೆ ನೀರು ಹುಯ್ದ ಕೈ ಇದು."

"ಅದೇ ಕೈಯಲ್ಲಿ ರುಜು ಹಾಕಿ ಅಂತಿದ್ದೀನಿ."

ಅವನು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಎದ್ದ. ಆಮೇಲೆ ಬೈಯಲು ಶುರುಮಾಡಿದ. ಅವಳನ್ನಲ್ಲ, ಯಾರನ್ನೆಂದು ಹೇಳುವುದೂ ಕಷ್ಟ.

"ನಮ್ಮಜ್ಜನ ಮುತ್ತಜ್ಜನ್ನ ಪೋರ್ತೊಬೆಲೊದಲ್ಲಿ ಇಳಿಸಿದ್ರು. ನಿಮ್ಮೋರನ್ನ ಆ ದ್ವೀಪದಲ್ಲಿ ಇಳಿಸಿದ್ರು. ಹಡಗು ಒಂದೇ ಇತ್ತೋ ಏನೋ, ಯಾರು ಕಂಡವರು. ನಮಗೆ ಹೊಡ್ದೋನು ಸ್ಪ್ಯಾನಿಷಲ್ಲಿ ಬೈದ, ನಿಮಗೆ ಹೊಡ್ದೋನು ಇಂಗ್ಲಿಷಲ್ಲಿ ಬೈದ. ಅಷ್ಟಕ್ಕೇ ಇವತ್ತು ನಾನು ಮನೆಮಗ, ನೀವು ಬೀದಿಪಾಲು. ಇಷ್ಟು ಹೇಳ್ತೀನಲ್ಲ, ಕುಡ್ದಾಗ ನಾನೂ ಚೋಂಬೊ ಅಂತ ಬೈದವನೇ. ಫಿಟ್ಜ್ ಎದ್ರಿಗೇ ಬೈದಿದ್ದೆ ಒಂದ್ಸಲ. ನಕ್ಕುಬಿಟ್ಟ ಪುಣ್ಯಾತ್ಮ."

"ಅವರು ಕೇಳಿಸ್ಕೊಂಡಿರಲ್ಲ. ನೀವು ಕಿವುಡು ಕಿವಿ ಕಡೆ ಕೂತಿರ್ತಿದ್ರಿ."

ಇಬ್ಬರೂ ನಕ್ಕರು. ನಗುತ್ತಲೇ ಆಲ್ಬರ್ತಾಳ ಕಣ್ಣು ತುಂಬಿತು. ಅವನು ಮುಖ ತಿರುಗಿಸಿಕೊಂಡು, "ಸೆವೆರಿನಾನ ಕೇಳಿ. ಅವಳು ಹೂಂ ಅಂದ್ರೆ ನನ್ನದೂ ಹೂಂ" ಎಂದ.

ಸೆವೆರಿನಾ ಹಿತ್ತಲಲ್ಲಿ ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ದಾರ ಕಟ್ಟುತ್ತಿದ್ದಳು. ಗಿಡ್ಡ ಹೆಂಗಸು, ಬಾಯಿ ಜೋರು, ಕೇರಿಗೆಲ್ಲ ಅಡ್ಡಹೆಸರಿಟ್ಟವಳು. ಆಲ್ಬರ್ತಾ ಹೇಳಿ ಮುಗಿಸುವಾಗ ಅವಳು ಮೊದಲು ನಕ್ಕಳು. "ನಮ್ಮ ಗಂಡಂಗೆ ಅಷ್ಟು ತಾಕತ್ತಿದ್ದಿದ್ರೆ ನನ್ನ ತೊಟ್ಟಿಲು ಖಾಲಿ ಇರ್ತಿತ್ತಾ ಕೋಮಾದ್ರೆ" ಎಂದಳು. ಅಂದವಳೇ ಎಲೆಯ ಮೇಲಿನ ದಾರವನ್ನು ಬಿಗಿಯಾಗಿ ಸುತ್ತಿದಳು. ತಾನು ಏನಂದೆ ಎಂದು ಅವಳಿಗೇ ಆಮೇಲೆ ತಿಳಿದಿರಬೇಕು.

"ಇಪ್ಪತ್ತೊಂದು ವರ್ಷದಿಂದ ನೀವು ಈ ಹಿತ್ತಲಿಗೆ ಬರ್ತಿದ್ದೀರಿ" ಎಂದಳು. "ನಾನಿಲ್ದಾಗ್ಲೂ ಬಂದಿದ್ದೀರಿ. ನಾಳೆಯಿಂದ ಬೀದಿಯೋರು ಅದನ್ನೆಲ್ಲ ಹಿಂದಕ್ಕೆ ಹೋಗಿ ಒಂದೊಂದೇ ಹೆಕ್ತಾರೆ."

"ಸುಳ್ಳು ಅಂತ ನಿಮಗೆ ಗೊತ್ತಲ್ಲ."

"ನಂಗೊಬ್ಬಳಿಗೆ ಗೊತ್ತಿದ್ರೆ ಏನು ಬಂತು? ಬಂಜೆ ಅಂತ ಬೆನ್ನ ಹಿಂದೆ ಅಂತಿದ್ರು. ಇನ್ಮೇಲೆ ಮುಂದೇನೇ ಅಂತಾರೆ." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಬರೆಸ್ಕೊಳ್ಳಿ. ಅವತ್ತು ಆ ಮಗು ಹಿಡ್ಕೊಂಡಿದ್ದು ಈ ತೊಡೆ. ಅದಕ್ಕೋಸ್ಕರ ಹೂಂ ಅಂತಿದ್ದೀನಿ, ನಿಮಗೋಸ್ಕರ ಅಲ್ಲ. ಆದ್ರೆ ಇವತ್ತೇ ಕಡೆ. ನೀವು ಈ ಹೊಸ್ತಿಲು ಮತ್ತೆ ತುಳೀಬೇಡಿ, ಕೋಮಾದ್ರೆ. ನೀವು ಬಂದುಹೋಗ್ತಿದ್ರೆ ನಾನು ಹೊರಗೆ ತಲೆಯೆತ್ತಿ ಓಡಾಡೋಕಾಗಲ್ಲ."

ಆಲ್ಬರ್ತಾ ತಲೆಯಾಡಿಸಿದಳು. ಹೊರಡುವಾಗ ಸೆವೆರಿನಾ ಬೆಂದ ಎರಡು ಕಡುಬನ್ನು ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಟ್ಟಳು, ಯಾವತ್ತೂ ಕೊಡುವ ಹಾಗೆ.

ಇನ್ನು ಉಳಿದದ್ದು ಇಸ್ಮೇ. ಆ ಹುಡುಗಿಯ ಸ್ಪ್ಯಾನಿಷ್ ಎಷ್ಟು ಚೊಕ್ಕವೆಂದರೆ ಫೋನಿನಲ್ಲಿ ಕೇಳಿದವರು ಬಿಳಿಯ ಮನೆತನದವಳೆಂದುಕೊಳ್ಳಬೇಕು. ಬಸ್ಸಿನಲ್ಲಿ ಅಮ್ಮ ದ್ವೀಪದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡಿದರೆ ಮೊಣಕೈಯಿಂದ ತಿವಿಯುತ್ತಿದ್ದಳು. ಆದರೆ ಅಪ್ಪನ ವಿಷಯಕ್ಕೆ ಬಂದರೆ ಅವಳು ಬೇರೆಯೇ. ಭಾನುವಾರ ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು, ಇರುವ ಮೂರು ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತ ಬೈಬಲ್ ಓದಿಸಿದ್ದನ್ನು ಅವಳು ಮರೆತಿರಲಿಲ್ಲ. ಪ್ರಾಣ ಹೋದರೂ ಸುಳ್ಳಾಡಬೇಡ ಎಂದು ಅವನು ಹೇಳಿದ್ದನ್ನು ಅಕ್ಷರವೂ ಬಿಡದೆ ನಂಬಿದ್ದಳು. ಮಕ್ಕಳಿಗೆ ಇಂಥದ್ದನ್ನೆಲ್ಲ ಕಲಿಸುವ ಮೊದಲು ಹೆತ್ತವರು ನಾಲ್ಕು ಸಲ ಯೋಚಿಸಬೇಕು.

ಬುಧವಾರ ಮಧ್ಯಾಹ್ನ ದೋನ್ ಪ್ಲಾಸಿದೊ ಬರೆದ ಅರ್ಜಿಯನ್ನು ಅಮ್ಮ ಮುಂದಿಟ್ಟಾಗ ಇಸ್ಮೇ ಓದಿದಳು. ಎರಡನೆಯ ಸಲವೂ ಓದಿದಳು.

"ಇದೇನಮ್ಮ ಇದು? ಪದ್ರೀನೊ ಹೆಸರು ಯಾಕಿದೆ ಇಲ್ಲಿ?"

"ರುಜು ಹಾಕು ಮಗಳೇ. ಶುಕ್ರವಾರ ಕಚೇರಿಗೆ ಹೋಗ್ಬೇಕು."

"ನಮ್ಮಪ್ಪ ಫಿಟ್ಜೆರಾಲ್ಡ್ ಗಿಟ್ಟೆನ್ಸ್."

"ಗೊತ್ತು. ಇದು ಬರೀ ಕಾಗದ."

"ಕಾಗದಕ್ಕೋಸ್ಕರ ಅಪ್ಪನ್ನ ಅಳಿಸ್ಬಿಡ್ಲಾ? ಮಕ್ಕಳ ಮುಂದೆ ನಿಂತು ಪಾಠ ಹೇಳೋಳು ನಾನು. ಈ ಕೆಲಸ ಬೇಡ, ಬಿಡು. ನಿನ್ನ ಜೊತೆ ಇಸ್ತ್ರಿ ಮಾಡ್ತೀನಿ. ಹಡಗಿಗೆ ಹಾಕಿದ್ರೆ ಹೋಗ್ತೀನಿ. ಆದ್ರೆ ಈ ಸುಳ್ಳಿಗೆ ನಾನು ರುಜು ಹಾಕಲ್ಲ."

ಆಲ್ಬರ್ತಾ ಮಗಳ ಬಲಗೈ ನೋಡಿದಳು. ಇನ್ನೂ ಎರಡು ಕೈಯೂ ಒಂದೇ ಸಮ ಇದ್ದವು. ಒಲೆಯ ಮೇಲೆ ನಾಲ್ಕು ಪೆಟ್ಟಿಗೆ ಕಾಯುತ್ತಿದ್ದವು, ಸಾಹೇಬರ ಪ್ಯಾಂಟುಗಳು ಸಾಲಾಗಿ ನೇತಾಡುತ್ತಿದ್ದವು. ಹುಡುಗಿಯ ಹಟ ಅವಳಿಗೆ ಗೊತ್ತು, ಅದು ಫಿಟ್ಜ್‌ನದೇ ಹಟ. ಬೇಡಿಕೊಂಡರೆ ಬಗ್ಗುವುದಿಲ್ಲ, ಅತ್ತರೂ ಬಗ್ಗುವುದಿಲ್ಲ. ಶುಕ್ರವಾರಕ್ಕೆ ಎರಡೇ ದಿನ. ಆಗ ಅವಳ ಬಾಯಿಂದ ಆ ಮಾತು ಬಂತು. ಮೊದಲೇ ಯೋಚಿಸಿಟ್ಟದ್ದಲ್ಲ ಎಂದು ಅವಳು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ.

"ಅದು ಸುಳ್ಳಲ್ಲ, ಇಸ್ಮೇ."

ಇಸ್ಮೇ ಅರ್ಥವಾಗದವಳಂತೆ ನೋಡಿದಳು.

"ಕಾಂದೆಲಾರಿಯೊನೇ ನಿಮ್ಮಪ್ಪ. ನಾನು ತಪ್ಪು ಮಾಡ್ದೆ. ಇಷ್ಟು ವರ್ಷ ಬಾಯಿ ಕಟ್ಕೊಂಡಿದ್ದೆ."

ಕೇಳಬಾರದ ಪ್ರಶ್ನೆಯೊಂದು ಬರುತ್ತದೆಂದು ಆಲ್ಬರ್ತಾಗೆ ಗೊತ್ತಿತ್ತು.

"ಅಪ್ಪಂಗೆ ಗೊತ್ತಿತ್ತಾ?"

ಇಲ್ಲ ಎಂದರೆ ಫಿಟ್ಜ್ ಮಗಳ ಕಣ್ಣಲ್ಲಿ ಮೋಸಹೋದ ಪೆದ್ದನಾಗುತ್ತಾನೆ. ಹೌದೆಂದರೆ ದೊಡ್ಡ ಮನಸ್ಸಿನವನಾಗಿಯಾದರೂ ಉಳಿಯುತ್ತಾನೆ. ಅವಳು ಗಂಡನಿಗೆ ಅಷ್ಟನ್ನಾದರೂ ಉಳಿಸಿಕೊಡಲು ನೋಡಿದಳು.

"ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನ ಎದೆ ಮೇಲೆ ಮಲಗಿಸ್ಕೊಂಡು ಸಾಕಿದ್ರು."

ಹಾಗೆಂದವಳು ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಜವಾದದ್ದು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡನನ್ನು ಅವನಿಲ್ಲದಾಗ ಕೊಂದವಳ ಅಳು ಅದು. ಇಸ್ಮೇ ಅದನ್ನು ಪಾಪ ಒಪ್ಪಿಕೊಂಡವಳ ಅಳು ಎಂದು ತಿಳಿದಳು. ಅಮ್ಮನ ಭುಜ ಮುಟ್ಟಲಿಲ್ಲ. ಲೇಖನಿ ಎತ್ತಿ, ತೋರಿಸಿದ ಕಡೆಯಲ್ಲೆಲ್ಲ ರುಜು ಹಾಕಿದಳು.

ಶುಕ್ರವಾರ ಕಚೇರಿಯ ಮೆಟ್ಟಿಲವರೆಗೂ ಸಾಲು. ಮುಕ್ಕಾಲು ಪಾಲು ಕಲಿದೋನಿಯಾದವರೇ, ಚರ್ಚಿನಲ್ಲಿ ಒಟ್ಟಿಗೆ ಹಾಡುವವರೇ. ಕಾಂದೆಲಾರಿಯೊ ಮದುವೆಯ ಕೋಟು ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದ. ಚಿಕ್ಕಂದಿನಿಂದ ಇಸ್ಮೇ ಅವನನ್ನು ಕಂಡಾಗಲೆಲ್ಲ ತಲೆಬಾಗಿ "ಆಶೀರ್ವಾದ ಮಾಡಿ ಪದ್ರೀನೊ" ಎನ್ನುತ್ತಿದ್ದಳು. ಅವನು ನೆತ್ತಿಯ ಮೇಲೆ ಕೈಯಿಡುತ್ತಿದ್ದ. ಅಂದು ಅವಳು ಹತ್ತಿರ ಬಂದಾಗ ಅವನ ಕೈ ಅಭ್ಯಾಸದಿಂದ ಮೇಲೆದ್ದಿತು. ಅವಳು ತಲೆಬಾಗಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಅವನು ಕೋಟಿನ ಗುಂಡಿ ಹಿಡಿದುಕೊಂಡ.

ಗುಮಾಸ್ತ ಚಿಕ್ಕ ವಯಸ್ಸಿನವನು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ. ಹಿಂದಿನ ಸಾಲಿಗೆ ಕೇಳುವ ಹಾಗೆ ಪ್ರಶ್ನೆ ಹಾಕಿದ.

"ಈ ಎಸ್ಕೀನಾ ಅನ್ನೋರ ಜೊತೆ ನಿಮ್ಮ ಸಂಬಂಧ ಎಷ್ಟು ದಿನ ಇತ್ತು?"

"ಒಂದು ವರ್ಷ."

"ಆಗ ನೀವು ಬೇರೆ ಗಂಡಸಿನ ಜೊತೆ ಇದ್ರಿ ಅಂತ ಕೇಳಿದ್ದೀನಲ್ಲ?"

"ಇದ್ದೆ."

"ಅವನು ಕೆಲಸಕ್ಕೆ ಹೋದಾಗ ಇವರು ಬರ್ತಿದ್ರೋ?"

"ಹೂಂ."

ಅವಳ ಉಚ್ಚಾರಣೆಯನ್ನು ಅಣಕಿಸಿ ಅವನು ಪಕ್ಕದವನ ಕಡೆ ಕಣ್ಣು ಹೊಡೆದ. ಹಿಂದೆ ಸಾಲಿನಲ್ಲಿ ಪಿಸುಪಿಸು ನಿಂತುಹೋಗಿತ್ತು. ಅಷ್ಟು ಜನ ಉಸಿರು ಬಿಗಿಹಿಡಿದು ಕೇಳುವುದು ಬೆನ್ನಿಗೆ ಗೊತ್ತಾಗುತ್ತದೆ. ಕಾಂದೆಲಾರಿಯೊ ರುಜು ಹಾಕಿದ. ಮುದ್ರೆ ಬಿತ್ತು. ಇಸ್ಮೇ ಬ್ಲಾಕೆಟ್ ಎಂಬವಳು ಇಸ್ಮೇನಿಯಾ ಎಸ್ಕೀನಾ ಆಗಿ, ಪನಾಮಾದವಳಾಗಿ ಹೊರಗೆ ಬಂದಳು.

ಸೋಮವಾರವೇ ಅವಳು ಹಳ್ಳಿಗೆ ಹೊರಟುಹೋದಳು. ಚರ್ಚಿನಲ್ಲಿ ಹಾಡುವವರ ನಿಲುವಂಗಿಗಳನ್ನು ಇಪ್ಪತ್ತು ವರ್ಷದಿಂದ ಆಲ್ಬರ್ತಾಳೇ ಇಸ್ತ್ರಿ ಮಾಡುತ್ತಿದ್ದಳು, ಪುಕ್ಕಟೆ. ಮುಂದಿನ ವಾರದಿಂದ ಅವು ಇನ್ನೊಬ್ಬಳ ಮನೆಗೆ ಹೋದವು. ಅವಳು ಕೂರುವ ಬೆಂಚಿನಲ್ಲಿ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಸುಳ್ಳು ಹೇಳಿ ಕಾಗದ ಮಾಡಿಸಿದವರು ಆ ಕೇರಿಯಲ್ಲಿ ಅವಳೊಬ್ಬಳೇ ಅಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಕೋಂಪಾದ್ರೆಯ ಹೆಸರು ಹೇಳಿದವಳು ಅವಳೊಬ್ಬಳೇ. ಇಂಥದ್ದನ್ನು ಯಾರೂ ಸುಮ್ಮನೆ ಹೇಳಿಕೊಳ್ಳುವುದಿಲ್ಲ, ಬೆಂಕಿಯಿಲ್ಲದೆ ಈ ಹೊಗೆ ಎಲ್ಲಿಂದ ಬಂತು ಎಂದು ಜನ ತೀರ್ಮಾನ ಮಾಡಿಬಿಟ್ಟರು.

ಅವಳು ಕನಸಿನಲ್ಲೂ ಎಣಿಸದ ಇನ್ನೊಂದು ಸಂಗತಿ ನಡೆಯಿತು. ಇಸ್ಮೇ ರಜೆಗೆ ಬಂದಾಗ ಅಮ್ಮನ ಮನೆಯಲ್ಲಿ ಅರ್ಧ ದಿನ ಇದ್ದು, ಇದ್ದಿಲು ಮಂಡಿಯಲ್ಲಿ ಎರಡು ದಿನ ಇರತೊಡಗಿದಳು. ಮೊದಲು ಸಿಟ್ಟಿನಿಂದ ಮುಖ ನೋಡಲು ಹೋದಳು, ಆಮೇಲೆ ಮಾತಾಡಲು ಹೋದಳು. ಕಾಂದೆಲಾರಿಯೊ ನಿಜ ಹೇಳುವಂತಿರಲಿಲ್ಲ, ಮಗಳಿಗೆ ತಾನಾಡಿದ ಸುಳ್ಳನ್ನು ಒಡೆಯಬೇಡಿ ಎಂದು ಆಲ್ಬರ್ತಾ ಆಗಲೇ ಅವನಿಂದ ಮಾತು ತೆಗೆದುಕೊಂಡಿದ್ದಳು. ಅರವತ್ತು ದಾಟಿದ, ಮಕ್ಕಳಿಲ್ಲದ ಗಂಡಸು ಅವನು. ಮಗಳು ತಾನಾಗಿ ಬಂದು ಎದುರಿಗೆ ಕೂತು, ನಿ‌ಮ್ಮ ಊರಿನ ಕತೆ ಹೇಳಿ, ನಿಮ್ಮ ಅಜ್ಜ ಹೇಗಿದ್ದರು ಎಂದರೆ ಎಷ್ಟು ದಿನ ತಡೆದುಕೊಂಡಾನು? ಮುಂದಿನ ಕಾರ್ನಿವಲ್‌ಗೆ ಅವಳನ್ನು ಪೋರ್ತೊಬೆಲೊಗೆ ಕರೆದುಕೊಂಡು ಹೋಗಿ, ನನ್ನ ಮಗಳು ಎಂದು ಊರಿಗೆಲ್ಲ ತೋರಿಸಿದನಂತೆ. ಕೇಳಿದ ದಿನ ಆಲ್ಬರ್ತಾ ಸಾಹೇಬನೊಬ್ಬನ ಅಂಗಿ ಸುಟ್ಟಳು.

ನಲವತ್ನಾಲ್ಕರಲ್ಲಿ ಕಾಂದೆಲಾರಿಯೊ ತೀರಿಕೊಂಡ. ಇಸ್ಮೇ ಹಳ್ಳಿಯಿಂದ ಓಡಿಬಂದು ಮೂರು ದಿನ ಆರೈಕೆ ಮಾಡಿ, ಹೆಣದ ಹಿಂದೆ ಕಪ್ಪುಬಟ್ಟೆಯಲ್ಲಿ ನಡೆದಳು. ಆಲ್ಬರ್ತಾ ಬೀದಿಯ ಈಚೆ ಬದಿಯಲ್ಲೇ ನಿಂತು ನೋಡಿದಳು.

ನಲವತ್ತಾರರಲ್ಲಿ ಇನ್ನೊಂದು ಸಂವಿಧಾನ ಬಂತು. ಈ ನೆಲದಲ್ಲಿ ಹುಟ್ಟಿದವರೆಲ್ಲ ಈ ನೆಲದವರೇ ಎಂದು ಅದರಲ್ಲಿತ್ತು. ಪಾದ್ರಿ ಚರ್ಚಿನಲ್ಲಿ ಓದಿ ಹೇಳಿದಾಗ ಜನ ಎದ್ದು ನಿಂತು ಹಾಡಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಲ್ಬರ್ತಾ ಎದ್ದೇಳಲಿಲ್ಲ. ಐದು ವರ್ಷ ಸುಮ್ಮನೆ ಕೂತಿದ್ದರೆ ಸಾಕಿತ್ತೇ? ಮಗಳು ಐದು ವರ್ಷ ಇಸ್ತ್ರಿ ಮಾಡಿಕೊಂಡು ಇದ್ದಿದ್ದರೆ ಎಲ್ಲವೂ ಇದ್ದ ಹಾಗೇ ಇರುತ್ತಿತ್ತೇ? ಆ ಯೋಚನೆ ಬಂದ ಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ನಿಜ ಹೇಳಿಬಿಡಬೇಕು. ಒಬ್ಬಳೇ ಹೇಳಿದರೆ ಸಾಲದು, ಜೊತೆಗೊಬ್ಬರು ಬೇಕು. ಐದು ವರ್ಷದಲ್ಲಿ ಮೊದಲ ಸಲ ಅವಳು ಸೆವೆರಿನಾಳ ಬಾಗಿಲಿಗೆ ಹೋದಳು. ಹೊಸ್ತಿಲಿನ ಆಚೆಯೇ ನಿಂತಳು.

"ಕೋಮಾದ್ರೆ, ಇಸ್ಮೇ ಹತ್ರ ನನ್ನ ಜೊತೆ ಬನ್ನಿ. ಫಿಟ್ಜೇ ಅವಳಪ್ಪ ಅಂತ ನೀವೂ ಒಂದು ಮಾತು ಹೇಳಿ."

ಸೆವೆರಿನಾಳ ಕಣ್ಣಿಗೆ ಪೊರೆ ಬಂದಿತ್ತು. ಗೋಡೆ ಹಿಡಿದು ಬಂದು ನಿಂತಳು.

"ನಂಗೆ ಹೇಗೆ ಗೊತ್ತು?"

"ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?"

"ಗೊತ್ತಿತ್ತು ಒಂದು ಕಾಲದಲ್ಲಿ" ಎಂದಳು ಸೆವೆರಿನಾ. "ಮೊದಲ್ನೇ ವರ್ಷ ಬೀದಿಯೋರು ಅಂದ್ರೆ ನಗ್ತಿದ್ದೆ. ಎರಡ್ನೇ ವರ್ಷ ಸಿಟ್ಟು ಬರ್ತಿತ್ತು. ಆಮೇಲೆ ಅವಳು ಬಂದು ಅವರ ಪಕ್ಕ ಕೂತ್ಕೊಳ್ಳೋಕೆ ಶುರುಮಾಡಿದ್ಲು. ನೋಡ್ತಾ ನೋಡ್ತಾ ಹಣೆ ಅವರ್ದೇ ಅನ್ನಿಸ್ತು, ನಡಿಗೆ ಅವರ್ದೇ ಅನ್ನಿಸ್ತು. ನೀವು ಕೇಳೋಕೆ ಬಂದಾಗ ಅವರು ಅಷ್ಟು ಬೇಗ ಯಾಕೆ ಒಪ್ಕೊಂಡ್ರು, ಹೇಳಿ? ನನ್ನ ಕೇಳಿ ಅಂತ ಯಾಕೆ ಅಂದ್ರು? ರಾತ್ರಿಯೆಲ್ಲ ಅದನ್ನೇ ಯೋಚಿಸ್ತೀನಿ. ಈಗ ನಂಗೇನೂ ಗೊತ್ತಿಲ್ಲ, ಆಲ್ಬರ್ತಾ. ನನ್ನ ಬಾಯಿಂದ ಏನೂ ಹೇಳಿಸ್ಬೇಡ."

ಕೊನೆಯ ಮಾತಿನಲ್ಲಿ ಕೋಮಾದ್ರೆ ಎನ್ನಲಿಲ್ಲ, ನೀವು ಎನ್ನಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಿತು.

ಮಾರನೆಯ ವಾರ ಆಲ್ಬರ್ತಾ ಬಸ್ಸು ಹತ್ತಿ ಮಗಳ ಹಳ್ಳಿಗೆ ಹೋದಳು. ಇಸ್ಮೇ ಅಲ್ಲಿನ ಒಬ್ಬ ಉಪಾಧ್ಯಾಯನನ್ನೇ ಮದುವೆಯಾಗಿದ್ದಳು. ನಾಲ್ಕು ತಿಂಗಳ ಗಂಡುಮಗು ತೊಟ್ಟಿಲಲ್ಲಿತ್ತು. ಅಳಿಯ ಶಾಲೆಗೆ ಹೋಗಿದ್ದ. ಇಸ್ಮೇ ಅಮ್ಮನಿಗೆ ಕಾಫಿ ಕೊಟ್ಟು, ಬಟ್ಟೆ ಮಡಿಸುತ್ತ ಕೂತಳು. ಆಲ್ಬರ್ತಾ ಕಾಫಿ ಮುಟ್ಟದೆ ಎಲ್ಲವನ್ನೂ ಹೇಳಿದಳು. ಅರ್ಜಿ ಬರೆದವನು ಹೇಳಿದ್ದು, ಸೆವೆರಿನಾ ಒಪ್ಪಿದ್ದು, ತಾನು ಹೆದರಿ ಆಡಿದ ಆ ಒಂದು ಮಾತು. "ನಿಮ್ಮಪ್ಪ ಫಿಟ್ಜೇ ಕಣೇ. ಬೇರೆ ಗಂಡಸಿನ ನೆರಳೂ ನನ್ನ ಮೇಲೆ ಬಿದ್ದಿಲ್ಲ" ಎಂದಳು.

ಇಸ್ಮೇ ಮಡಿಸುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಆಲ್ಬರ್ತಾಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಮ್ಮ, ಆಗ ಕಾಗದ ಬೇಕಿತ್ತು, ನಿಜ ಹೇಳಿದೆ. ಈಗ ಕಾಗದ ಬೇಡ, ಚರ್ಚಲ್ಲಿ ಮರ್ಯಾದೆ ಬೇಕು. ಅದಕ್ಕೆ ಸುಳ್ಳು ಹೇಳ್ತಿದ್ದೀಯ. ನಂಗೆ ಅರ್ಥ ಆಗುತ್ತೆ. ಬೇಜಾರೇನಿಲ್ಲ."

"ದೇವರಾಣೆಗೂ..."

"ಆಣೆ ಹಾಕ್ಬೇಡ. ಅವತ್ತು ನೀನು ಅತ್ತಿದ್ದನ್ನ ನಾನು ನೋಡಿದ್ದೀನಿ. ಸುಳ್ಳು ಹೇಳೋರು ಹಾಗೆ ಅಳಲ್ಲ." ಅವಳು ಒಂದು ಪುಟ್ಟ ಅಂಗಿಯನ್ನು ಮೊಣಕಾಲ ಮೇಲೆ ನೇವರಿಸಿ ಮಡಿಸಿದಳು. "ಅವರು ಸಾಯೋ ಹಿಂದಿನ ದಿನ ನಾನೇ ಕೇಳ್ದೆ. ನೀವೇನಾ ನಮ್ಮಪ್ಪ, ನಿಜ ಹೇಳಿ ಅಂತ. ನನ್ನ ಕೈ ಹಿಡ್ಕೊಂಡು ಹೌದು ಮಗಳೇ ಅಂದ್ರು. ಸಾಯೋವಾಗ ಯಾರು ಸುಳ್ಳು ಹೇಳ್ತಾರಮ್ಮ?"

ಫಿಟ್ಜ್ ಸತ್ತಿದ್ದ, ಕಾಂದೆಲಾರಿಯೊ ಸತ್ತಿದ್ದ, ಸೆವೆರಿನಾ ಮರೆತಿದ್ದಳು. ಆ ಹುಡುಗಿ ಯಾರ ಮಗಳೆಂದು ಬಲ್ಲವರು ಈ ಭೂಮಿಯ ಮೇಲೆ ತಾನೊಬ್ಬಳೇ ಉಳಿದಿದ್ದೇನೆ, ತನ್ನ ಮಾತನ್ನು ನಂಬುವವರು ಯಾರೂ ಇಲ್ಲ, ತಾನು ಹೋದ ದಿನ ಫಿಟ್ಜ್‌ಗೆ ಮಗಳೇ ಇರಲಿಲ್ಲವೆಂದಾಗುತ್ತದೆ ಎಂಬುದು ಆ ಕುರ್ಚಿಯಲ್ಲಿ ಕೂತಲ್ಲೇ ಆಲ್ಬರ್ತಾಗೆ ಅರಿವಾಯಿತು.

ಒಲೆಯ ಮೇಲಿನ ಅನ್ನ ನೋಡಲು ಇಸ್ಮೇ ಒಳಗೆ ಹೋದಳು. ತೊಟ್ಟಿಲಲ್ಲಿ ಮಗು ಎದ್ದು ಅಳತೊಡಗಿತು. ಆಲ್ಬರ್ತಾ ಎತ್ತಿಕೊಂಡು ಬೆನ್ನು ತಟ್ಟಿದಳು, ಚಿನ್ನ ಎಂದಳು, ಬಂಗಾರ ಎಂದಳು, ದ್ವೀಪದ ಮಾತಿನಲ್ಲಿ ಏನೇನೋ ಲಲ್ಲೆಗರೆದಳು. ಮಗು ಮುಖ ಕೆಂಪಗೆ ಮಾಡಿಕೊಂಡು ಇನ್ನೂ ಜೋರಾಗಿ ಕಿರುಚಿತು.

"ಹೆಸರು ಹಿಡ್ದು ಕರೆಯಮ್ಮ, ಸುಮ್ಮನಾಗ್ತಾನೆ" ಎಂದು ಒಳಗಿನಿಂದ ಇಸ್ಮೇ ಕೂಗಿದಳು.

ಬಂದಾಗಿನಿಂದ ಆಲ್ಬರ್ತಾ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಮಗು ಉಸಿರುಗಟ್ಟುವ ಹಾಗೆ ಅಳುತ್ತಿತ್ತು.

"ಕಾಂದೆಲಾರಿಯೊ" ಎಂದಳು ಆಲ್ಬರ್ತಾ. "ಅಳಬೇಡ, ಕಾಂದೆಲಾರಿಯೊ."

ಮಗು ಅಳು ನಿಲ್ಲಿಸಿ ಅವಳ ಮುಖವನ್ನೇ ನೋಡಿತು.